ಎಂಟುನೂರು ಜೇಬು

ಸಣಾಪುರ ಕೆರೆಯ ಈ ದಂಡೆಯಲ್ಲಿ
ಬಾಗಿಲಿಗೇ ಬೋರ್ಡು: ರಾಜಭೋಜನ, ಸಂಜೆ ಏಳಕ್ಕೆ.
ದೊಡ್ಡವರಿಗೆ ಸಾವಿರದಾರುನೂರು, ಮಕ್ಕಳಿಗೆ ಅರ್ಧ,
ಪೇಟ, ಕಿರೀಟ, ಫೋಟೋ ಸೇರಿ.
ನೀರಿನ ಬಾಟಲಿ ಬೇರೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನು ಹೊಲಿಯುವುದು ಹಿಂಜೇಬು.
ಪ್ಯಾಂಟು ಪೂರಾ ನೋಡುವುದೇ ಅಪರೂಪ.
ಕಾಲು ಒಬ್ಬರು, ಜಿಪ್ಪು ಒಬ್ಬರು, ಸೊಂಟಪಟ್ಟಿ ಇನ್ನೊಬ್ಬರು,
ನನ್ನ ಪಾಲಿಗೆ ಜೇಬು, ಒಂದಕ್ಕೆ ಎರಡು ರೂಪಾಯಿ.
ಹಾಗಾಗಿ ದುಡ್ಡೆಂದರೆ ನನಗೆ ಕಾಣುವುದು ಜೇಬೇ:
ಒಂದು ತಟ್ಟೆಗೆ ಎಂಟುನೂರು,
ಎಲ್ಲರೂ ಕೂತರೆ ಎರಡು ಸಾವಿರದೆಂಟುನೂರು,
ಚಿಕ್ಕವ ಮಾತ್ರ ಪುಕ್ಕಟೆ.

ಎರ್ರಿಸ್ವಾಮಿ ಬೋರ್ಡನ್ನು ಎರಡು ಸಲ ಓದಿದ,
ಎರಡನೆಯ ಸಲ ಕಡಿಮೆಯಾದೀತು ಎಂಬಂತೆ.
"ಅನ್ನ ಯಾವ ಅಕ್ಕೀದು?" ಅಂದ ಕೌಂಟರಿನ ಹುಡುಗನಿಗೆ.
"ಸೋನಾಮಸೂರಿ ಸರ್, ಗಂಗಾವತೀದು."
"ಅದೇ ಅಕ್ಕಿ ನಮ್ಮನ್ಯಾಗೂ ಐತಿ.
ರಾಜರ ತಟ್ಟಿಗೆ ಬಂದ್ರ ಉದ್ದ ಆಗ್ತೈತೇನು?"
ಹುಡುಗ ನಕ್ಕ. ದಿನಾ ಕೇಳುವ ಪ್ರಶ್ನೆಯಿರಬೇಕು.

ಮೌನಿಕಾ ಮಾತಾಡಲಿಲ್ಲ. ಅದೇ ಕಷ್ಟ.
ಅತ್ತಿದ್ದರೆ ಗದರಿಸಬಹುದಿತ್ತು.
ಗಾಜಿನಾಚೆ ಸಾಲಾಗಿಟ್ಟ ರಟ್ಟಿನ ಕಿರೀಟಗಳಲ್ಲಿ
ಬಲದಿಂದ ಮೂರನೆಯದನ್ನು
ಬೆಳಿಗ್ಗೆಯೇ ತನ್ನದು ಮಾಡಿಕೊಂಡಿದ್ದಳು.

ಕಂಪ್ಲಿ ಸೇತುವೆ ದಾಟುವಾಗ ಬಸ್ಸಿನಲ್ಲಿ
ನಾವೇ ಹೇಳಿಕೊಂಡದ್ದು: ಎರಡು ದಿನ ಲೆಕ್ಕ ಹಾಕಬಾರದು.
ಹೇಳಿ ಇನ್ನೂ ಒಂದು ರಾತ್ರಿ ಕಳೆದಿಲ್ಲ,
ತೆಪ್ಪಕ್ಕೆಷ್ಟು, ಆಟೋಕ್ಕೆಷ್ಟು,
ಅವನ ತುಟಿಯಲ್ಲಿ ಅಂಕಿ ಆಡುತ್ತಲೇ ಇವೆ.

ಅಷ್ಟರಲ್ಲಿ ಬಾಗಿಲ ಭಟ ಈಟಿ ಗೋಡೆಗೊರಗಿಸಿ
ಬೀಡಿ ಹಚ್ಚಲು ಬಗ್ಗಿದ. ನಿಲುವಂಗಿ ಸರಿಯಿತು.
ಒಳಗೆ ಜೀನ್ಸು. ಹಿಂಜೇಬಿಗೆ
ಕಿತ್ತಳೆ ದಾರದ ಜೋಡಿ ಹೊಲಿಗೆ, ಮೂಲೆಯಲ್ಲಿ
ಮೇಸ್ತ್ರಿ ಎಷ್ಟು ಬೈದರೂ ಬಿಡದ ನನ್ನ ಕೈಯ ಸಣ್ಣ ತಿರುವು.
ನನ್ನದೇ ಇರಬಹುದು.
ಇರಲಿಕ್ಕಿಲ್ಲ, ಊರಿನ ಅರ್ಧ ಪ್ಯಾಂಟಿಗೆ ಕಿತ್ತಳೆ ದಾರವೇ.
ಯಾರದಾದರೇನು, ಎರಡು ರೂಪಾಯಿಯ ಜೇಬು
ರಾಜರ ಮನೆಗೆ ನನಗಿಂತ ಮೊದಲು ಬಂದಿತ್ತು.

ಕೊನೆಗೆ ಎರಡೇ ಚೀಟಿ ಕೊಂಡೆವು.
ಮೌನಿಕಾಗೆ ಅರ್ಧ, ಜತೆಗೆ ದೊಡ್ಡವರೊಬ್ಬರು ಇರಲೇಬೇಕಂತೆ.
"ಅವ್ವ, ನೀ ಹೋಗು" ಅಂದ ಎರ್ರಿಸ್ವಾಮಿ.
ಅತ್ತೆ ಹುಲಿಗೆಮ್ಮ, "ನನಗ್ಯಾಕಪ್ಪ, ಹಲ್ಲಿಲ್ಲ ಏನಿಲ್ಲ"
ಅನ್ನುತ್ತಲೇ ಸೆರಗು ಸರಿಮಾಡಿಕೊಂಡರು.

ನಾವು ರಸ್ತೆಯಾಚೆ, ತಳ್ಳುಗಾಡಿಯ ಹತ್ತಿರ.
ಮಂಡಕ್ಕಿ ಒಗ್ಗರಣೆ, ಮಿರ್ಚಿ. ಚಿಕ್ಕವ ಖಾರಕ್ಕೆ ಕುಣಿದ.
ಒಳಗಿಂದ ಕಹಳೆ ಕೇಳಿತು,
ಸ್ಪೀಕರಿನದು, ನಡುವೆ ಒಮ್ಮೆ ಕೆಮ್ಮಿತು.
"ತಪ್ಪು ಮಾಡಿದ್ವೇನು?" ಅಂದ ಅವ.
ಯಾವುದು ತಪ್ಪು, ಕೊಂಡದ್ದೋ, ಎರಡೇ ಕೊಂಡದ್ದೋ,
ಕೇಳಲಿಲ್ಲ ನಾನು. ಇನ್ನೊಂದು ಮಿರ್ಚಿ ಮುರಿದೆ.

ಒಂಬತ್ತಕ್ಕೆ ಬಂದರು.
ಕಿರೀಟ ಮೌನಿಕಾಳ ಕಿವಿಗೆ ಜಾರಿತ್ತು,
ಹೋಳಿಗೆ ಅರ್ಧಕ್ಕೇ ಬಿಟ್ಟಳಂತೆ, ನಿದ್ದೆ ಬಂದು.
ಅತ್ತೆಯನ್ನು ಕೇಳಿದೆ, ಹೆಂಗಿತ್ತು?
"ಸಾರಿಗೆ ಉಪ್ಪಿಲ್ಲ. ಬದನೀಕಾಯಿ ಬರೇ ಎಣ್ಣಿ.
ಬಟ್ಟಲ ಹದಿನಾರು, ಹೊಟ್ಟಿ ಒಂದೇ."
ಆಮೇಲೆ ಕತ್ತಲಲ್ಲಿ ಒಂದಷ್ಟು ದೂರ ನಡೆದು,
ಬಂಡೆಗಳ ಕಡೆ ಮುಖಮಾಡಿ:
"ಆ ಹುಡುಗ ಮೊದಲು ನನಗ ನೀಡಿದ.
ಎಲ್ಲಾರಿಗಿಂತ ಮೊದಲು.
ಅನ್ನ ಬಿಸಿ ಇತ್ತು."

ಸೋಮವಾರದಿಂದ ಮತ್ತೆ ಮೆಷಿನ್ನು.
ಸಾವಿರದಿನ್ನೂರು ಜೇಬು ಬಾಕಿ, ನನ್ನ ಲೆಕ್ಕದಲ್ಲಿ.
ಮುನ್ನೂರು ಮುಗಿದಿವೆ. ಹೆಚ್ಚಾಯಿತೋ
ಕಡಿಮೆಯಾಯಿತೋ ಇನ್ನೂ ಗೊತ್ತಾಗಿಲ್ಲ.
ನಿನ್ನೆ ಮೊಬೈಲಿಗೆ ಫೋಟೋ ಬಂತು:
ಮೌನಿಕಾ ಕ್ಯಾಮೆರಾ ನೋಡಿ ನಗುತ್ತಿದ್ದಾಳೆ,
ಅತ್ತೆ ಕಣ್ಣು ಮುಚ್ಚಿದ್ದಾರೆ,
ತುತ್ತು ಇನ್ನೂ ಬಾಯಲ್ಲೇ ಇದೆ.